ಕಮಾನು ಆಡುತ್ತಲೇ ಇತ್ತು

ಪ್ರೀತಿಯ ಗುಬ್ಬಿ,

ನೀನು ಹೋಗಿ ಎಂಟು ತಿಂಗಳಾಯಿತು. ಇವತ್ತು ಮಧ್ಯಾಹ್ನ ಕಛೇರಿಗೆ ಹೋಗಿದ್ದೆ. ನಮ್ಮ ಟೆಲಿಫೋನ್ ಕಚೇರಿಗಲ್ಲ ಕಣೆ, ಸಂಗೀತ ಕಛೇರಿಗೆ. ಮೂವತ್ತು ವರ್ಷ ಅಕ್ಕಪಕ್ಕ ಕೂತು ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟೆವಲ್ಲ, "ರಿಟೈರಾದ ಮೇಲೆ ಕಿವಿಗೂ ಒಂದು ಪೆನ್ಷನ್ ಕೊಡಿಸೋಣ" ಅಂದವಳು ನೀನೇ.

ಮೊದಲ ಒಂದು ಗಂಟೆ ಎಷ್ಟು ಹಾಯಾಗಿತ್ತು ಗೊತ್ತಾ. ಮೂರನೇ ಸಾಲಿನಲ್ಲಿ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತಿದ್ದೆ. ಗಡಿಯಾರ ನೋಡುವ ಹಂಗಿಲ್ಲ. ಪಿಟೀಲಿನವರು ವಯಸ್ಸಾದವರು, ಅವಸರವಿಲ್ಲದೆ ಒಂದೊಂದೇ ಸ್ವರ ಮೇಲೇರುತ್ತಿದ್ದರು. ಇನ್ನೂ ಒಂದು ಮೆಟ್ಟಿಲು ಹತ್ತಿದರು, ನಾದ ನಿಂತುಹೋಯಿತು. ತಂತಿ ಹರಿಯಿತೇನೋ ಅಂದುಕೊಂಡೆ. ನೋಡಿದರೆ ಕಮಾನು ಆಡುತ್ತಲೇ ಇದೆ. ಸುತ್ತಲಿನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ. ಹಿಂದಿನ ಸಾಲಿನವರ ಕೆಮ್ಮು ಕೇಳಿಸುತ್ತಿದೆ, ಪಿಟೀಲು ಮಾತ್ರ ಇಲ್ಲ.

ನನ್ನ ತೋರುಬೆರಳು ತಾನಾಗಿ ಮೇಲೆದ್ದಿತು. ನಮ್ಮ ಡ್ಯೂಟಿಯ ಸನ್ನೆ: ನನಗೆ ಕೇಳಿಸುತ್ತಿಲ್ಲ, ಈ ಕರೆ ನೀನು ತಗೋ. ಆ ಬೆರಳು ಕಂಡ ಕೂಡಲೇ ನನ್ನ ಲೈನು ನಿನ್ನ ಕಡೆ ಎಳೆದುಕೊಳ್ಳುತ್ತಿದ್ದೆಯಲ್ಲ. ಪಕ್ಕದಲ್ಲಿದ್ದ ಹೆಂಗಸು ನಾನು ತಾಳ ಹಾಕುತ್ತಿದ್ದೇನೆ ಅಂದುಕೊಂಡು ನಕ್ಕಳು. "ರಾಗದ ಈ ಜಾಗಕ್ಕೋಸ್ಕರವೇ ನಾನು ಬಂದಿದ್ದು. ಚೆನ್ನಾಗಿದೆ ಅಲ್ವಾಮ್ಮ?" ಅಂದಳು. ಹೂಂ ಅಂದೆ.

ನಿಜವಾಗಿ ಹೆದರಿದ್ದು ಆಮೇಲೆ. ಅದು ನಿನ್ನ ಹೂಂ. ಕಡೆಯ ಎರಡು ವರ್ಷ ನೀನು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದೆ. "ಏನೇ, ಪ್ಲಗ್ ಕಿತ್ತುಹೋಗಿದೆಯಾ?" ಅಂತ ನಾನು ಕಿಚಾಯಿಸಿದರೆ ಅದಕ್ಕೂ ಹೂಂ ಅಂದು ನಗುತ್ತಿದ್ದೆ. ಆವತ್ತು ನೀನು ರಸ್ತೆ ದಾಟುವಾಗ ಆ ಬಸ್ಸು ಹಾರ್ನ್ ಹೊಡೆಯುತ್ತಲೇ ಬಂತಂತೆ. ನೀನು ತಿರುಗಿಯೂ ನೋಡಲಿಲ್ಲ ಅಂತ ಕಂಡವರು ಹೇಳಿದರು.

ಕಛೇರಿ ಮುಗಿದ ಮೇಲೆ ರಸ್ತೆ ದಾಟಬೇಕಿತ್ತು. ಅಂಚಿನಲ್ಲೇ ನಿಂತೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಮತ್ತೆ ಎಡಕ್ಕೆ. ಖಾಲಿ ಇದ್ದಾಗಲೂ ಕಾಲು ಏಳಲಿಲ್ಲ. ಬೆನ್ನ ಹಿಂದೆ ಏನೋ ಬರುತ್ತಿದೆ, ನನಗೊಬ್ಬಳಿಗೇ ಗೊತ್ತಾಗುತ್ತಿಲ್ಲ ಅನ್ನಿಸುತ್ತಿತ್ತು. ಅದೇ ಹೆಂಗಸು ಬಂದಳು. "ಯಾರಿಗಾದ್ರೂ ಕಾಯ್ತಿದ್ದೀರಾ?" ಅಂದಳು. ಹೂಂ ಅಂದುಬಿಡುವುದು ಸುಲಭವಿತ್ತು.

"ನಂಗೆ ಕಿವಿ ಸರಿಯಾಗಿ ಕೇಳಿಸಲ್ಲಮ್ಮ. ಕೈ ಹಿಡ್ಕೊಂಡು ದಾಟಿಸ್ತೀಯಾ?" ಅಂದೆ. ನಡುರಸ್ತೆಯಲ್ಲೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದೆ. ಅವಳು ಕೈ ಬಿಡಲಿಲ್ಲ.

ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತೇನೆ. ಏನು ಹೇಳುತ್ತಾರೋ ಅಂತ ಈಗಿನಿಂದಲೇ ಭಯ. ಗುಬ್ಬಿ, ಇದೇ ಮಾತನ್ನು ನೀನು ನನ್ನ ಹತ್ತಿರ ಹೇಳಬಹುದಿತ್ತು. ನಾನು ತಮಾಷೆ ಮಾಡಿಯೇ ನಿನ್ನ ಬಾಯಿ ಕಟ್ಟಿದೆ. ಕ್ಷಮಿಸು.

ನೀನಿರುವಲ್ಲಿ ಯಾವ ಸ್ವರವೂ ನಿನಗೆ ತಪ್ಪದಿರಲಿ.

ನಿನ್ನ ಪಕ್ಕದ ಕುರ್ಚಿಯವಳು