ಇಬ್ಬರಿಗೂ ಕೇಳಿಸುವಷ್ಟು

೯ ಮಾರ್ಚ್, ಭಾನುವಾರ, ಸಂಜೆ

ಗುಬ್ಬಿ,

ನಿನ್ನ ಪತ್ರ ಗುರುವಾರ ಬಂತು. ಫೋನಿನಲ್ಲಿ ಹೇಳಿದರೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಕಾಗದದ ಮೇಲೆ ಬರೆದಿದ್ದೀಯ. ಒಳ್ಳೆಯದೇ ಆಯಿತು, ಎರಡು ಸಲ ಓದಿದೆ. ಕಿಟಕಿಯ ಬಳಿಯ ಎರಡನೆಯ ಕುರ್ಚಿಯನ್ನು ನಾನು ತೆಗೆಸಬೇಕು, ಇಲ್ಲವೇ ಅದರಲ್ಲಿ ಕೂರುವವರನ್ನು ಮದುವೆಯಾಗಬೇಕು. ಎರಡರಲ್ಲಿ ಒಂದು ಆಗುವವರೆಗೆ ನೀನು ಮನೆಗೆ ಬರುವುದಿಲ್ಲ, ಮುಂದಿನ ತಿಂಗಳ ರಜೆಯನ್ನೂ ಅಲ್ಲೇ ಕಳೆಯುತ್ತೀಯ. ಅಷ್ಟೇ ತಾನೇ? ಜನರ ಜಮೀನಿನ ಗಡಿ ಅಳೆಯುವುದು ನಿನ್ನ ಕೆಲಸ, ಕಲ್ಲು ನೆಡುವುದು ನಿನಗೆ ಸಲೀಸು. ಆದರೆ ಈ ಸಲ ನೀನು ಅಳೆದದ್ದು ನಿನ್ನ ಸೋದರತ್ತೆಯ ಕಣ್ಣಿನಿಂದ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಹಲ್ಲಿನ ಸೆಟ್ಟು ನಮ್ಮ ಲ್ಯಾಬಿನಲ್ಲಿ ನಾನೇ ಮಾಡಿದ್ದು. ಅಚ್ಚನ್ನು ಎರಡು ಸಲ ತೆಗೆಸಿ, ದವಡೆಗೆ ಕಚ್ಚಿ ಕೂರುವ ಹಾಗೆ ಅರೆದು ಕೊಟ್ಟಿದ್ದೆ. ಅದೇ ಹಲ್ಲಿನಿಂದ ನನ್ನ ಸುದ್ದಿಯನ್ನು ಅಗಿದು ನಿನಗೆ ಮುಟ್ಟಿಸಿದ್ದಾರೆಂದರೆ ನನ್ನ ಕೈಗೆಲಸ ಗಟ್ಟಿಯಾಗಿದೆ ಎಂದಾಯಿತು. ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಮೊದಲು ನಾನೂ ಕೆಳಮನೆಯವರೂ ಧಾರಾವಾಹಿಯನ್ನು ಸ್ಪೀಕರಿನಲ್ಲಿ ಕೇಳುತ್ತಿದ್ದಾಗ ನಿನ್ನ ಸೋದರತ್ತೆ ಆಚೆಯಿಂದ ಸೌಟಿನಲ್ಲಿ ಗೋಡೆ ಬಡಿಯುತ್ತಿದ್ದರು. ಅವರಿಗೆ ತೊಂದರೆ ಬೇಡವೆಂದು ಹೆಡ್‌ಫೋನ್ ಹಾಕಿಕೊಂಡೆವು. ಸದ್ದು ಕೇಳಿಸಿದಾಗ ಗೋಡೆ ಬಡಿದವರು, ಸದ್ದು ನಿಂತ ಮೇಲೆ ನಿನಗೆ ಫೋನ್ ಮಾಡಿದರು. "ಒಳಗೆ ಇಬ್ಬರಿದ್ದಾರೆ, ಪಿಟಿಕ್ ಅನ್ನೋ ಸದ್ದೂ ಇಲ್ಲ ಕಣೇ" ಎಂದರಂತೆ. ಇದಕ್ಕೆ ನಾನು ಏನು ಮಾಡಲಿ?

ನಡೆಯುವುದು ಇಷ್ಟು. ಕೆಳಮನೆಯವರು ಸಂಜೆ ಆರಕ್ಕೆ ಮೇಲೆ ಬರುತ್ತಾರೆ. ರೇಡಿಯೋ ನಿಲಯದಲ್ಲಿ ಮೂವತ್ತೊಂದು ವರ್ಷ ಧ್ವನಿಮುದ್ರಣ ಮಾಡಿ ನಿವೃತ್ತರಾದವರು. ನನ್ನ ಫೋನಿನಲ್ಲಿ ಒಂದು ಪತ್ತೇದಾರಿ ಧಾರಾವಾಹಿ ಹಾಕುತ್ತೇವೆ, ದಿನಕ್ಕೊಂದು ಕಂತು. ಆಮೇಲೆ ಕೊಲೆಗಾರ ಯಾರೆಂದು ಅರ್ಧ ಗಂಟೆ ಜಗಳ. ಏಳೂಕಾಲಿಗೆ ಅವರು ಕೆಳಗೆ, ನಾನು ಒಲೆಯ ಮುಂದೆ. ಎರಡು ಕುರ್ಚಿಗಳ ನಡುವೆ ಮೂರು ಅಡಿ ಎರಡು ಅಂಗುಲ. ನಿನಗೆ ಬರೆಯಬೇಕಲ್ಲ ಎಂದು ಟೇಪು ಹಿಡಿದು ನೋಡಿದೆ. ಅವರು ಇದುವರೆಗೆ ನನ್ನಿಂದ ಏನನ್ನೂ ಕೇಳಿಲ್ಲ.

ಈ ವಯಸ್ಸಿನಲ್ಲಿ ನಿನಗೆ ಆಂಪ್ಲಿಫೈಯರ್ ಯಾಕಮ್ಮ ಎಂದು ಪತ್ರದ ಕೊನೆಯಲ್ಲಿ ಕುಟುಕಿದ್ದೀಯ. ಅದಕ್ಕೆ ಉತ್ತರ ಕೊಡಬೇಕಾದದ್ದೇ.

ಮೊದಲು ನಮ್ಮಲ್ಲಿದ್ದದ್ದು ಒಂದು ಕವಲು ತಂತಿ. ಒಂದು ತುದಿ ಫೋನಿಗೆ, ಇನ್ನೊಂದು ತುದಿಯಲ್ಲಿ ಎರಡು ತೂತು. ಬಸ್ ನಿಲ್ದಾಣದ ಹೊರಗೆ ಗೊಂಚಲುಗಟ್ಟಿ ಮಾರುತ್ತಾರಲ್ಲ, ಅದು. ನನ್ನದು ಹಗುರವಾದ ಹೆಡ್‌ಫೋನ್, ತುಸು ಕೊಟ್ಟರೂ ಕೂಗುತ್ತದೆ. ಅವರದು ನಿಲಯದಲ್ಲಿ ಅವರೇ ಬಳಸುತ್ತಿದ್ದದ್ದು, ಬೀಳ್ಕೊಡುವಾಗ ಕೈಗೆ ಕೊಟ್ಟು ಕಳಿಸಿದರಂತೆ, ಇಟ್ಟಿಗೆಯಷ್ಟು ಭಾರ, ಜೋರಾಗಿ ತಳ್ಳದಿದ್ದರೆ ಬಾಯಿ ಬಿಡುವುದಿಲ್ಲ. ಬೇರೆ ಕೊಳ್ಳಿ ಎಂದರೆ, "ಮೂವತ್ತು ವರ್ಷದ ಸಂಸಾರ ಇದು, ಈಗ ಬಿಡೋಕಾಗುತ್ತಾ" ಎನ್ನುತ್ತಾರೆ. ಎರಡಕ್ಕೂ ಸೇರಿ ಒಂದೇ ವಾಲ್ಯೂಮು, ಅದು ನನ್ನ ಕೈಯಲ್ಲಿ. ದಿನವಿಡೀ ಲ್ಯಾಬಿನಲ್ಲಿ ಅರೆಯುವ ಚಕ್ರದ ಕಿರುಚಾಟ ಕೇಳಿ ಬರುವವಳು ನಾನು. ನನ್ನ ಕಿವಿಗೆ ಹಿತವಾಗುವಷ್ಟು ಇಡುತ್ತಿದ್ದೆ. ಜೋರು ಬೇಕೇ ಎಂದು ಕೇಳಿದರೆ ಹದವಾಗಿದೆ ಎನ್ನುತ್ತಿದ್ದರು.

ನಾಲ್ಕು ತಿಂಗಳು ಹೀಗೆ ನಡೆಯಿತು. ಒಂದು ಸಂಜೆ ಫೋನಿನ ಚಾರ್ಜು ಮುಗಿದು ಕಂತು ನಡುವೆಯೇ ನಿಂತುಹೋಯಿತು. ತಿರುಗಿ ನೋಡಿದರೆ ಅವರು ಕಣ್ಣು ಅರೆಮುಚ್ಚಿ ತಲೆದೂಗುತ್ತಿದ್ದಾರೆ. ಎರಡು ನಿಮಿಷ ಕಾದೆ. ತೂಗುತ್ತಲೇ ಇದ್ದರು. ನಡುವೆ ಒಮ್ಮೆ ಛೆ ಎಂದೂ ಅಂದರು. ಹೆಡ್‌ಫೋನ್ ತೆಗೆಸಿ, ಏನು ಕೇಳಿಸುತ್ತಿತ್ತು ಎಂದೆ. "ಮೊದಲ ದಿನದಿಂದ್ಲೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ" ಎಂದರು. ಯಾಕೆ ಹೇಳಲಿಲ್ಲ ಎಂದರೆ, "ಜೋರು ಮಾಡಿದ್ರೆ ನಿಮ್ಮ ಕಿವಿಗೆ ಬಡಿಯುತ್ತಲ್ಲ." ಜೀವಮಾನವೆಲ್ಲ ಸದ್ದನ್ನೇ ಅಳೆದ ಮನುಷ್ಯ. ತಂತಿ ಚುಚ್ಚಿದ ಮೊದಲ ಸಂಜೆಯೇ ಅವರಿಗೆ ಕಾರಣ ಗೊತ್ತಾಗಿತ್ತು. ಹಾಗಾದರೆ ದಿನವೂ ನನ್ನೊಡನೆ ಜಗಳವಾಡುತ್ತಿದ್ದದ್ದು ಯಾವುದರ ಬಲದ ಮೇಲೆ? ನಾನು ಗುಮಾಸ್ತನೇ ಕೊಲೆಗಾರ ಎಂದರೆ ಅವರು ಡಾಕ್ಟರು ಎನ್ನುತ್ತಿದ್ದರು. "ನೀವು ಹೇಳಿದವರನ್ನ ಬಿಟ್ಟು ಇನ್ಯಾರನ್ನಾದ್ರೂ ಹೇಳ್ತಿದ್ದೆ ಅಷ್ಟೇ" ಎಂದರು. ಡಾಕ್ಟರು ಎರಡನೆಯ ಕಂತಿನಲ್ಲೇ ಸತ್ತಿದ್ದ. ಇವರೇನೋ ಒಳಸುಳಿವು ಹಿಡಿದಿದ್ದಾರೆಂದು ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಆ ತಲೆದೂಗುವಿಕೆ ನನಗೆ ಹಳೆಯ ಪರಿಚಯ. ಇಪ್ಪತ್ತಾರು ವರ್ಷ ನಾನೇ ತೂಗಿದ್ದೆ.

ನಿನ್ನ ಅಪ್ಪ ಕೆಟ್ಟವರಲ್ಲ. ಅವರು ತೀರಿಕೊಂಡು ಆರು ವರ್ಷವಾದ ಮೇಲೆ ದೂರು ಹೇಳುವವಳೂ ನಾನಲ್ಲ. ಟಿವಿಯನ್ನು ಅವರಿಗೆ ಬೇಕಾದಷ್ಟು ಜೋರಾಗಿ ಇಡುತ್ತಿದ್ದರು, ಕಿಟಕಿಯನ್ನು ಅವರಿಗೆ ಬೇಕಾದಷ್ಟು ತೆರೆಯುತ್ತಿದ್ದರು, ದೀಪವನ್ನು ಅವರಿಗೆ ನಿದ್ದೆ ಬಂದಾಗ ಆರಿಸುತ್ತಿದ್ದರು. ನಿನಗೇನು ಬೇಕು ಎಂದು ಕೇಳಿಯೂ ಇದ್ದಾರೆ. ಹದವಾಗಿದೆ ಎಂದವಳು ನಾನೇ. ಲ್ಯಾಬಿನಿಂದ ಹತ್ತಿ ತಂದು ಕಿವಿಗೆ ತುರುಕಿಕೊಂಡು ಅಡುಗೆ ಮಾಡಿದ್ದೇನೆ. ಪರೀಕ್ಷೆಗೆ ಓದುವಾಗ ನಿನಗೂ ಎರಡು ಉಂಡೆ ಕೊಟ್ಟಿದ್ದೆ, ನೀನು ಮರೆತಿರಲಾರೆ. ನಾವಿಬ್ಬರೂ ಅದನ್ನು ಒಳ್ಳೆಯತನ ಎಂದುಕೊಂಡಿದ್ದೆವು. ಅದು ಒಳ್ಳೆಯತನವೋ ಬರಿಯ ಸೋಮಾರಿತನವೋ ನನಗೆ ಇಂದಿಗೂ ತಿಳಿಯದು. ಅವರಿಗೆ ಒಂದೇ ಒಂದು ಸಲ ಬೇಡ ಎಂದಿದ್ದರೆ, ಟಿವಿಯ ಸದ್ದು ತಗ್ಗಿಸಿ, ಯಾಕೆ ಮೊದಲೇ ಹೇಳಲಿಲ್ಲ ಎನ್ನುತ್ತಿದ್ದರೋ ಏನೋ. ಕೇಳಿ ನೋಡಲು ಈಗ ಅವರಿಲ್ಲ.

ಆ ಶನಿವಾರವೇ ಕೆಳಮನೆಯವರ ಇಟ್ಟಿಗೆಯಂಥ ಹೆಡ್‌ಫೋನನ್ನೂ ನನ್ನದನ್ನೂ ಹಲ್ಲಿನ ಅಚ್ಚು ಸಾಗಿಸುವ ಡಬ್ಬದಲ್ಲಿಟ್ಟುಕೊಂಡು, ಹೆಡ್‌ಫೋನಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಕೊಳ್ಳಲು ಅಂಗಡಿಗೆ ಹೋದೆ. ನಾನೂ ಬರುತ್ತೇನೆ ಎಂದರು. ಬೇಡ, ನೀವು ಬಂದರೆ ಎಲ್ಲವೂ ಹದವಾಗಿಯೇ ಇರುತ್ತದೆ ಎಂದೆ. ಅಂಗಡಿಯವನು ಮೊದಲು ಮರದ ಮೈಯ ಒಂದನ್ನು ತೋರಿಸಿದ. ಅದರ ಬೆಲೆಗೆ ನನ್ನ ಎರಡು ತಿಂಗಳ ಸಂಬಳ ಬೇಕು. ಎರಡನೆಯದು ಅಗ್ಗ, ನಾಲ್ಕು ತೂತು, ಆದರೆ ಎಲ್ಲಕ್ಕೂ ಸೇರಿ ಒಂದೇ ಗುಂಡಿ. "ಮನೆಯವರಿಗೇ ತಾನೇ ಮೇಡಂ, ಒಬ್ಬರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಎಂದ. ಆ ಒಬ್ಬರು ಯಾರು, ಹೆಸರು ಹೇಳಿ ಎಂದೆ. ಅವನು ಪೆಚ್ಚಾಗಿ ಮೂರನೆಯದನ್ನು ತೆಗೆದ. ಎರಡನೆಯದಕ್ಕಿಂತ ತುಸು ಹೆಚ್ಚು ಬೆಲೆ, ತಗಡಿನ ಮೈ, ನೋಡಲು ಚೆಂದವಿಲ್ಲ. ಪ್ರತಿ ತೂತಿನ ಪಕ್ಕದಲ್ಲೂ ಅದರದೇ ಗುಂಡಿ. ಇಟ್ಟಿಗೆಯನ್ನು ಅವನ ತಲೆಗೇರಿಸಿ, ನನ್ನದನ್ನು ನಾನು ಹಾಕಿಕೊಂಡು, ಸರಿ ಅನ್ನಿಸಿದಾಗ ಬೆರಳೆತ್ತಿ ಎಂದೆ. ಅವನ ಗುಂಡಿ ಮೂರು ಗಂಟೆಯ ದಿಕ್ಕಿಗೆ ಬಂದಾಗ ಬೆರಳೆದ್ದಿತು. ನನ್ನದು ಒಂಬತ್ತನ್ನೂ ದಾಟಿರಲಿಲ್ಲ. ಅವನಿಗೇ ಆಶ್ಚರ್ಯವಾಗಿ ಎರಡು ಗುಂಡಿಗಳನ್ನೂ ಬಗ್ಗಿ ನೋಡಿದ. ಅದನ್ನೇ ಕಟ್ಟಿಸಿಕೊಂಡು ಬಂದೆ. ಎರಡು ಬಾಯಿಗೆ ಒಂದೇ ಅಚ್ಚು ಹಾಕುವವರನ್ನು ನಮ್ಮ ಲ್ಯಾಬಿನಲ್ಲಿ ಕೆಲಸಕ್ಕೇ ಇಟ್ಟುಕೊಳ್ಳುವುದಿಲ್ಲ.

ಹಾಗಾಗಿ ನನ್ನ ಉತ್ತರ ಹೀಗಿದೆ. ಕುರ್ಚಿಯನ್ನು ತೆಗೆಯುವುದಿಲ್ಲ. ಮದುವೆಯನ್ನೂ ಆಗುವುದಿಲ್ಲ. ನಿನ್ನ ಸೋದರತ್ತೆಗೆ ಅರ್ಥವಾಗಲೆಂದು ನಾನು ಎರಡರಲ್ಲಿ ಒಂದಾಗಬೇಕಾಗಿಲ್ಲ. ನೀನು ಬಂದರೆ ನಿನ್ನ ಮಂಚ ಇದ್ದಲ್ಲೇ ಇದೆ. ಅಲ್ಲಾಡುತ್ತಿದ್ದ ಕಾಲಿಗೆ ಬಡಗಿಯಿಂದ ಹೊಸ ಬೆಣೆ ಹೊಡೆಸಿದ್ದೇನೆ. ಎರಡು ವರ್ಷದಿಂದ ನಿನ್ನ ಮುಖ ನೋಡಿಲ್ಲ ಎಂಬುದನ್ನು ಇಲ್ಲಿ ಬರೆದರೆ ಅದು ಬೇಡಿಕೆಯಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ. ಬಾರದಿದ್ದರೆ ಬಾರದವಳೇ. ಹದವಾಗಿದೆ ಎಂದು ಮಾತ್ರ ನನ್ನಿಂದ ಹೇಳಿಸಬೇಡ.

ತನ್ನ ಮಾತಿಗೆ ಅಂಟಿಕೊಂಡೇ ನಿನ್ನನ್ನು ಪ್ರೀತಿಸುವ
ಅಮ್ಮ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೆಳಮನೆಯವರು ನನ್ನಿಂದ ಏನನ್ನೂ ಕೇಳಿಲ್ಲ ಎಂದೆನಲ್ಲ, ಕೇಳಿದ್ದಾರೆ. ಬುಧವಾರ ಕಂತು ಮುಗಿದ ಮೇಲೆ ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು, "ಒಂದೇ ಮನೇಲಿರಬಹುದಲ್ಲ ನಾವು, ಬೇಕಾದ್ರೆ ರಿಜಿಸ್ಟರಿಗೆ ಸಹಿ ಹಾಕಿಯೇ" ಎಂದರು. ಆಗುವುದಿಲ್ಲ ಎಂದೆ. ಸರಿ ಎಂದು ತಂತಿ ಸುತ್ತಿಕೊಂಡು, ಅದನ್ನು ಕಂಕುಳಲ್ಲಿಟ್ಟು ಇಳಿದುಹೋದರು. ಗುರುವಾರ ಬರಲಿಲ್ಲ. ಶುಕ್ರವಾರವೂ ಇಲ್ಲ, ನಿನ್ನೆಯೂ ಇಲ್ಲ. ನಿನಗೆ ಬೇಕಾದ ಹಾಗೆ ಕುರ್ಚಿ ತಾನಾಗಿಯೇ ಖಾಲಿಯಾಗಿದೆ. ಇದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದರೆ ನೀನು ಓದಿದ ದಿನವೇ ಟಿಕೆಟ್ ತೆಗೆಸುತ್ತಿದ್ದೆ. ಅದಕ್ಕೇ ಬರೆದಿರಲಿಲ್ಲ. ಈಗ ಈ ಕಾಗದವನ್ನು ಅಂಚೆಗೆ ಹಾಕಲು ಹೊರಡುತ್ತೇನೆ. ದಾರಿಯಲ್ಲಿ ಅವರ ಬಾಗಿಲು ತಟ್ಟುತ್ತೇನೆ. ಮದುವೆ ಆಗಲ್ಲ, ಮೇಲೆ ಬನ್ನಿ ಎಂದು ಮೆಟ್ಟಿಲ ಮೇಲೆ ನಿಂತೇ ಹೇಳುತ್ತೇನೆ, ನಿನ್ನ ಸೋದರತ್ತೆಗೂ ಕೇಳಿಸುವಷ್ಟು ಜೋರಾಗಿ.