ಹನ್ನೊಂದು ವರ್ಷದ ಜೀವನಾಂಶ

ಅಪ್ಪಾ,

ನೀವು ತೀರಿಹೋಗಿದ್ದರೂ ಇದನ್ನು ಮೊದಲು ನಿಮಗೇ ಹೇಳಬೇಕು. ನನ್ನ ಹೆಸರಿಗೆ ನೀವು ಕಟ್ಟಬೇಕಿದ್ದ ಜೀವನಾಂಶ ಎಷ್ಟು ಬಾಕಿಯಿದೆ ಎಂದು ಕೇಳಲು ಇವತ್ತು ಕೋರ್ಟಿಗೆ ಹೋಗಿದ್ದೆ. ಗುಮಾಸ್ತರ ಕಿಟಕಿಯ ಸರಳು ಹಿಡಿದು ನಿಂತೆ.

“ಮಾತಾಡಮ್ಮ, ನಾನೇನು ಹುಲಿನಾ?” ಎಂದ ಗುಮಾಸ್ತರು ನಿಮ್ಮ ಹೆಸರು ಕೇಳಿಕೊಂಡು ಫೈಲು ತೆಗೆದು ನೋಡಿದರು. “ಬಾಕಿ ಎಲ್ಲಿಂದ ಬಂತು? ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದಾರೆ. ನಿಮ್ಮಮ್ಮನೇ ಬಂದು ತಗೊಂಡಿಲ್ಲ.”

ಮನೆಗೆ ಓಡಿದೆ. ಅಮ್ಮ ತಲೆ ಎತ್ತಲಿಲ್ಲ. “ಆ ಮನುಷ್ಯನ ಹಂಗು ಯಾಕೆ ಅಂತ ಬಿಟ್ಟೆ,” ಎಂದಳು. ದುಡ್ಡಿಲ್ಲವೆಂದು ನನ್ನನ್ನು ಐದನೇ ಕ್ಲಾಸಿಗೆ ಶಾಲೆ ಬಿಡಿಸಿದವಳು ಅವಳೇ. ಆದರೂ ಸಿಟ್ಟು ಬರಲಿಲ್ಲ ಅಪ್ಪಾ, ಕುಣಿಯುವಷ್ಟು ಖುಷಿಯಾಯಿತು. ನೀವು ನನ್ನನ್ನು ಮರೆತಿರಲಿಲ್ಲ.

ಹೋದ ವರ್ಷ ನಾನಿರುವ ಹೊಲಿಗೆ ಅಂಗಡಿಗೆ ಬಂದಿದ್ದಿರಿ. ಗುರುತು ಸಿಕ್ಕಿಯೂ “ಏನಾಗಬೇಕಿತ್ತು?” ಎಂದು ಕೇಳಿದೆ. ನೀವು ಅಂಗಿಯ ಕಿತ್ತುಹೋದ ಗುಂಡಿ ತೋರಿಸಿದಿರಿ. ಹೊಲಿದುಕೊಟ್ಟು, ದುಡ್ಡು ತೆಗೆದುಕೊಂಡೆ.