ಚಕ್ರ ಬಿಚ್ಚದ ಟ್ರೇಲರ್

ಹಿಲ್ಮಾ ಅಜ್ಜಿಯ ಕ್ಯಾಂಪ್,
ಸುಪೀರಿಯರ್ ಸರೋವರದ ದಂಡೆ
ಮೇ 28

ಪ್ರೀತಿಯ ಅಪ್ಪ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಮಂಡಿನೋವು ಹೆಚ್ಚಾಗಿಲ್ಲ ತಾನೆ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮೊದಲನೆಯದು ಬಂದಾಗ ಕೈತುಂಬ ಕೆಲಸವಿತ್ತು. ಎರಡನೆಯದು ಬಂದಾಗ ಸಿಟ್ಟಿತ್ತು. ಸಿಟ್ಟು ಈಗಲೂ ಇದೆ, ಆದರೂ ಬರೆಯಲು ಕೂತಿದ್ದೇನೆ.

ಮೊದಲು ಇಲ್ಲಿಯ ಸುದ್ದಿ. ಹಿಮ ಕರಗಿ ದಾರಿ ತೆರೆದ ಕೂಡಲೇ ನಾನು ಕ್ಯಾಂಪಿಗೆ ಬಂದೆ. ನೀನೇ ಹೇಳಿದ್ದೆಯಲ್ಲ, "ಸ್ಕೂಲು ಬಿಟ್ಟೆ, ಬೇಕರಿ ಬಿಟ್ಟೆ, ಎಲ್ಲೂ ಕಾಲು ನಿಲ್ಲಲ್ಲ ನಿಂಗೆ. ಹೋಗಿ ಟ್ರೇಲರ್ ಮನೆ ರೆಡಿ ಮಾಡು. ಜೂನಲ್ಲಿ ಹಡಗು ಬಿಟ್ಟು ಬರ್ತೀನಿ. ಎಲೆ ಉದುರೋ ತನಕ ಇಬ್ರೂ ಅಲ್ಲೇ ಇರೋಣ" ಎಂದು. ಆ ಮಾತು ಹಿಡಿದುಕೊಂಡೇ ಬಂದೆ. ಹುಟ್ಟಿದಾಗಿನಿಂದ ಒಂದು ಇಡೀ ಬೇಸಿಗೆ ನಾನು ನಿನ್ನ ಜೊತೆ ಇದ್ದದ್ದಿಲ್ಲ.

ಚಳಿಗೆ ಪೈಪು ಒಡೆಯದಿರಲೆಂದು ನೀನು ತುಂಬಿಸಿದ್ದ ಗುಲಾಬಿ ಬಣ್ಣದ ದ್ರವವನ್ನು ಹೊರಗೆ ಹಾಯಿಸಿ, ನೀರಿನ ಕಹಿ ಹೋಗುವ ತನಕ ತೊಳೆದೆ. ನಿನ್ನ ಹಾಸಿಗೆಯೊಳಗೆ ಇಲಿಗಳು ಸಂಸಾರ ಹೂಡಿದ್ದವು. ಅದನ್ನು ಸುಟ್ಟು ಹೊಸದು ಹೊಲಿದೆ. ಚಾವಣಿಯ ಸಂದುಗಳಿಗೆ ಅಂಟು ಬಳಿದೆ. ಜ್ಯಾಕ್ ಹಾಕಿ ಟ್ರೇಲರನ್ನು ಎತ್ತಿ ದಿಮ್ಮಿಗಳ ಮೇಲೆ ಸಮ ಮಾಡಿದೆ, ಕೆಳಗೆ ಗಾಳಿ ನುಗ್ಗದಂತೆ ಸುತ್ತ ಹಲಗೆ ಹೊಡೆದೆ. ನಿನ್ನ ಮಂಡಿಗೆಂದು ಮೆಟ್ಟಿಲು ತಗ್ಗಿಸಿದೆ. ಸ್ನಾನದ ಕೋಣೆಯ ಮುಂದೆ ನೆಲ ಮೆತ್ತಗಾಗಿದೆ, ಮೇಲೊಂದು ಶೀಟು ಹಾಸಿಬಿಡು ಎಂದು ಮೊದಲ ಕಾಗದದಲ್ಲಿ ನೀನು ಬರೆದಿದ್ದೆ. ನಾನು ಹಾಸಲಿಲ್ಲ. ಕೊಳೆತದ್ದನ್ನು ಕಿತ್ತು ಹೊಸ ಹಲಗೆ ಕೂಡಿಸಿದೆ. ನಾವೇ ಓಡಾಡುವ ನೆಲದಲ್ಲಿ ಮುಚ್ಚಿಡುವುದೇನಿದೆ ಅಂದುಕೊಂಡೆ.

ಉಳಿದದ್ದು ಚಕ್ರ ಮಾತ್ರ. ಇಲ್ಲಿಯ ಪದ್ಧತಿ ನಿನಗೆ ಗೊತ್ತು. ಚಳಿಗಾಲದ ತನಕ ಇರುವವರು ಚಕ್ರ ಬಿಚ್ಚಿ ಟ್ರೇಲರಿನ ಕೆಳಗೆ ಮಲಗಿಸುತ್ತಾರೆ, ಅವತ್ತು ಅಕ್ಕಪಕ್ಕದವರೆಲ್ಲ ಏಲಕ್ಕಿ ಬ್ರೆಡ್ಡು ಹಿಡಿದು ಕಾಫಿಗೆ ಬರುತ್ತಾರೆ. ಆದರೆ ನಿನ್ನ ಕಾಗದದಲ್ಲಿತ್ತು, "ಚಕ್ರ ಮಾತ್ರ ಮುಟ್ಟಬೇಡ. ಅದು ನಾನು ಬಂದ ಮೇಲೆ."

ನಾನು ಅದನ್ನು ಓದಿ ಹಿಗ್ಗಿದ್ದೆ ಅಪ್ಪ. ಇಬ್ಬರೂ ಸೇರಿ ಬಿಚ್ಚಬೇಕೆಂದು ನಿನಗೆ ಆಸೆ ಅಂದುಕೊಂಡೆ.

ಹಿಲ್ಮಾ ಅಜ್ಜಿ ದಿನಾ ರೇಗಿಸುತ್ತಿದ್ದಳು. "ಏನೇ ಐಲಿ, ಎಲ್ಲರ ಟ್ರೇಲರೂ ಕೂತಾಯ್ತು, ನಿಂದೊಂದೇ ಇನ್ನೂ ನಿಂತೈತಲ್ಲೇ. ಓಡಿಹೋಗೋ ಪ್ಲಾನಾ?"

"ಅಪ್ಪ ಬರ್ಲಿ ಅಜ್ಜಿ, ನೀನು ಬ್ರೆಡ್ಡಿಗೆ ಹಿಟ್ಟು ಕಲಸಿಟ್ಕೋ" ಎನ್ನುತ್ತಿದ್ದೆ. ಆಮೇಲಾಮೇಲೆ ಅವಳು ರೇಗಿಸುವುದನ್ನೇ ಬಿಟ್ಟಳು. ಯಾಕೆಂದು ಆಗ ಹೊಳೆಯಲಿಲ್ಲ.

ಹೋದ ಶನಿವಾರ ವಿಸ್ಕಾನ್ಸಿನ್ ಕಡೆಯ ಒಂದು ಟ್ರಕ್ಕು ಹಿಂದುಹಿಂದಕ್ಕೆ ಬಂದು ನಮ್ಮ ಟ್ರೇಲರಿನ ಮೂತಿಗೆ ನಿಂತಿತು. ಇಳಿದವರು ಪ್ರೂಯಿಟ್ ಎಂಬ ವಯಸ್ಸಾದ ಗಂಡ ಹೆಂಡತಿ. ಆತ ಬಗ್ಗಿ ಕೊಂಡಿ ನೋಡತೊಡಗಿದ.

"ಏನ್ರೀ ಅದು? ಅದು ನಮ್ಮ ಟ್ರೇಲರು" ಎಂದೆ.

"ನಮ್ಮದೂ ಅದೇ ಕಣಮ್ಮ. ಏಪ್ರಿಲ್‌ನಲ್ಲೇ ತಗೊಂಡ್ವಿ" ಎಂದು ಆತ ನಕ್ಕ. ನಾನು ತಮಾಷೆಗೆ ಹೇಳಿದೆ ಎಂದುಕೊಂಡಿರಬೇಕು.

ಅಜ್ಜಿಯ ಬಳಿ ಓಡಿದೆ. ಅವಳು ನನ್ನ ಮುಖ ನೋಡದೆ ಏಪ್ರನ್ನಿಗೆ ಕೈ ಒರೆಸಿಕೊಂಡೇ ಇದ್ದಳು. "ನಿಮ್ಮಪ್ಪ ಹೋದ ವಾರ ಫೋನ್ ಮಾಡಿದ್ದ ಮಗಳೇ. ಜಾಗ ಬೇರೆಯವ್ರಿಗೆ ಕೊಡು ಅಂದ. ಹಡಗಲ್ಲಿ ಚಳಿಗಾಲದ ತನಕ ಇರ್ತೀನಿ ಅಂತ ಸೈನೂ ಹಾಕಿದಾನಂತೆ. ನಿಂಗೆ ಅವ್ನೇ ಬರೀತೀನಿ ಅಂದ. ನಂಗೆ ಬಾಯಿ ಬರ್ಲಿಲ್ಲ ಕಣೇ."

ಅಂದರೆ ನೀನು ನನ್ನನ್ನು ಇಲ್ಲಿಗೆ ಕಳಿಸಿದ್ದು ಇರುವುದಕ್ಕಲ್ಲ, ಮಾರುವ ಸರಕು ತೊಳೆಯುವುದಕ್ಕೆ.

ಸುತ್ತ ಹೊಡೆದ ಹಲಗೆಗಳನ್ನು ನಾನೇ ಕಿತ್ತೆ, ಇಲ್ಲದಿದ್ದರೆ ಎಳೆಯುವಾಗ ಸೀಳಿಹೋಗುತ್ತಿದ್ದವು. ಆ ಹೆಂಗಸಿಗೆ ಒಲೆಯ ಎಡಗಡೆಯ ಉರಿ ಹಟಮಾರಿ ಎಂದು ಹೇಳಿದೆ. ನೆಲ ಕೊಳೆತಿತ್ತು, ಗೋಡೆಯ ಬುಡದಲ್ಲಿ ಒಂದು ಮೂಲೆ ನನ್ನ ಕೈಗೆ ಎಟುಕದೆ ಹಾಗೇ ಉಳಿದಿದೆ ಎಂಬುದನ್ನೂ ಹೇಳಿದೆ. ನಿನಗೆ ನಷ್ಟವಾದರೆ ಆಗಲಿ. ಆಕೆ ಗಂಡನ ಕಡೆ ನೋಡಿದರು. "ಹೇಳೋರಾದ್ರೂ ಒಬ್ರು ಸಿಕ್ಕರಲ್ಲ" ಎಂದ ಆತ. ಆದರೂ ಕೊಂಡಿ ಸಿಕ್ಕಿಸಿದ.

ನಿನ್ನ ಎರಡನೆಯ ಕಾಗದ ಅವರು ಹೋದ ಮೇಲೆ ಬಂತು. "ನಿಂಗೆ ಅರ್ಥ ಆಗುತ್ತೆ, ಮುಂದಿನ ಬೇಸಿಗೆ ನೋಡೋಣ" ಎಂದಿದ್ದೀಯ. ಇಲ್ಲ, ನನಗೆ ಅರ್ಥವಾಗಲಿಲ್ಲ. ಮುಂದಿನ ಬೇಸಿಗೆ ನೋಡುವುದೂ ಬೇಡ. ಮಾರಬೇಕು ಅಂದಿದ್ದರೆ ಮಾರಲಿಕ್ಕೆಂದೇ ತಿಕ್ಕಿ ಕೊಡುತ್ತಿದ್ದೆ. ಹೇಳಬೇಕಿತ್ತು, ಅಷ್ಟೇ.

ಸದ್ಯ ಅಜ್ಜಿಯ ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತಿದ್ದೇನೆ. ಆಮೇಲೆ ಎಲ್ಲಿಗೆಂದು ಗೊತ್ತಿಲ್ಲ. ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ಈ ಕಾಗದವನ್ನು ನಿನ್ನ ಹಡಗಿಗೆ ಏರಿಸುವಾಗ ನೀರು ಶಾಂತವಾಗಿರಲಿ. ನೀನು ಕ್ಷೇಮವಾಗಿ ದಡ ಸೇರು. ಸಿಟ್ಟಿದ್ದರೂ ಇದನ್ನು ಮನಸ್ಸಿನಿಂದಲೇ ಹಾರೈಸುತ್ತಿದ್ದೇನೆ.

ಐಲಿ

ತಾ.ಕ.: ಹೊರಡುವಾಗ ಆ ಹೆಂಗಸು ನನ್ನ ಜೇಬಿಗೆ ಒಂದು ನೋಟು ತುರುಕಲು ಬಂದರು. "ಕ್ಯಾಂಪಲ್ಲಿ ಕೆಲಸದ ಹುಡುಗಿ ಒಬ್ಳಿದಾಳೆ, ಎಲ್ಲಾ ಅವಳೇ ನೋಡ್ಕೋತಾಳೆ ಅಂತ ಟ್ರೇಲರ್ ಮಾರಿದವ್ರು ಹೇಳಿದ್ರು. ಪಾಪ, ಅವ್ರಿಗೆ ಮಕ್ಕಳಿಲ್ವಂತೆ. ನಿಂಗೆ ಅವ್ರು ಚೆನ್ನಾಗಿ ಗೊತ್ತಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಸುಳ್ಳು ಹೇಳಿದರೆ ನನ್ನ ಕಿವಿ ಬಿಸಿಯೇರುತ್ತದೆ ಎಂದು ನೀನೇ ನಗುತ್ತಿದ್ದೆ. ಆಗ ಏರಲಿಲ್ಲ.